ಓಡುವ ನಾಯಿಗೆ ‘ಬಾ’ ಎಂಬ ಪಾಠ

ಕಾಫಿ ಹಣ್ಣು ಕಣಕ್ಕೆ ಬೀಳುವ ಕಾಲ ಬಂತೆಂದರೆ ಸಹಕಾರ ಸಂಘದ ಜಗಲಿಯಲ್ಲಿ ನಾಯಿಯ ಮಾತೂ ಬರುತ್ತದೆ. ಗೊಬ್ಬರಕ್ಕೆ ಚೀಟಿ ಬರೆಸಲು ಬಂದವರು, ಅಡಿಕೆ ಧಾರಣೆ ವಿಚಾರಿಸಲು ಬಂದವರು, ಹೊರಡುವ ಮುನ್ನ “ಕಣದ ಕಾವಲಿಗೆ ಒಳ್ಳೆಯ ಮರಿ ಎಲ್ಲಾದರೂ ಇದೆಯೆ?” ಎಂದು ಕೇಳಿಯೇ ಹೋಗುತ್ತಾರೆ. ಕಾಫಿಗೆ ಬೆಲೆ ಏರಿದ ಮೇಲಂತೂ ಒಣಹಾಕಿದ ಚೆರ್ರಿಯನ್ನು ರಾತ್ರಿ ಹೊತ್ತು ಹಾಗೇ ಬಿಟ್ಟು ಮಲಗುವ ಎದೆ ಯಾರಿಗೂ ಇಲ್ಲ. ಹೀಗೆ ಕೇಳುವವರಲ್ಲಿ ಕೆಲವರು, ಅದರಲ್ಲೂ ಹರೆಯದವರು, ಮುಧೋಳದ ಮರಿಯೇ ಬೇಕೆನ್ನುತ್ತಾರೆ. ಬೇಟೆನಾಯಿಯಾದ್ದರಿಂದ ಕಾವಲಿಗೂ ಆಯಿತು, ಹಂದಿ ಮೊಲ ಅಟ್ಟುವುದಕ್ಕೂ ಆಯಿತು ಎಂಬುದು ಅವರ ಲೆಕ್ಕ. ಕಟ್ಟೆಮಳಲವಾಡಿಗೆ ಅಂಥದೇ ಮರಿಯೊಂದನ್ನು ತಂದು, ಅದೇ ಲೆಕ್ಕ ಹಾಕಿ, ಲೆಕ್ಕ ತಪ್ಪಿದವನು ನಾನು. ಆದ್ದರಿಂದ ಸದಸ್ಯ ಬಂಧುಗಳು ಮರಿಗೆ ಮುಂಗಡ ಕೊಡುವ ಮೊದಲು ಈ ನಾಲ್ಕು ಮಾತನ್ನು ಓದಬೇಕೆಂದು ಕೋರುತ್ತೇನೆ.

ಮುಧೋಳ ನಾಯಿಯ ಪರಿಚಯ ಹೆಚ್ಚು ಬೇಕಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನವನ್ನು ಆಳಿದ ಘೋರ್ಪಡೆ ಮನೆತನದ ಮಾಲೋಜಿರಾವ್ ಅವರು ಈ ತಳಿಯನ್ನು ಪೋಷಿಸಿ, ಒಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆಯಾಗಿ ಕೊಟ್ಟ ಮೇಲೆ ಊರಿನ ಹೆಸರೇ ನಾಯಿಗೆ ನಿಂತಿತು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆಯವರು ಕೆಲವು ಮರಿಗಳನ್ನು ಮೀರತ್ತಿನ ತರಬೇತಿ ಕೇಂದ್ರಕ್ಕೆ ಒಯ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವೂ ಇದೆ. ಎರಡೂಕಾಲು ಅಡಿಯ ಎತ್ತರ, ಇಪ್ಪತ್ತೈದು ಕೆ.ಜಿ. ಆಸುಪಾಸಿನ ತೂಕ, ಆಳವಾದ ಎದೆ, ಬೆನ್ನಿಗಂಟಿದಂಥ ಹೊಟ್ಟೆ, ನೀಳ ಮೂತಿ. ನೋಡಿದವರು “ಹೊಟ್ಟೆಗೆ ಹಾಕುವುದಿಲ್ಲವೆ?” ಎಂದು ಕೇಳದೆ ಇರುವುದಿಲ್ಲ. ಆ ಮಾತಿಗೆ ಬೇಸರಪಟ್ಟು ನಾಯಿಯನ್ನು ಕೊಬ್ಬಿಸಿ ಕೆಡಿಸಿದವರೂ ಇದ್ದಾರೆ.

ನಾವು ತಿಳಿಯಬೇಕಾದ ಮುಖ್ಯ ಸಂಗತಿ ಒಂದೇ. ನಮ್ಮ ಊರುನಾಯಿ ಮೂಗಿನಿಂದ ಬದುಕುತ್ತದೆ, ಇದು ಕಣ್ಣಿನಿಂದ. ದೂರದ ಬದುವಿನಲ್ಲಿ ಏನೋ ಅಲುಗಿದರೆ ಸಾಕು, ಕಿವಿ ಮುಚ್ಚಿಹೋಗುತ್ತದೆ. ಒಂದೊಂದು ದಾಪಿಗೂ ನಾಲ್ಕು ಕಾಲು ಎರಡೆರಡು ಸಲ ನೆಲ ಬಿಡುತ್ತವೆ. ಇಂಗ್ಲೆಂಡಿನಲ್ಲಿ ಗ್ರೇಹೌಂಡಿಗೆ ಕುರಿನಾಯಿಯನ್ನೋ ಟೆರಿಯರನ್ನೋ ಕೂಡಿಸಿ ‘ಲರ್ಚರ್’ ಎಂಬ ಬೆರಕೆ ನಾಯಿಯನ್ನು ಮಾಡಿಕೊಂಡದ್ದು ಇದಕ್ಕಾಗಿಯೇ. ಗ್ರೇಹೌಂಡಿನ ಕಾಲಿರಲಿ, ಆದರೆ ಕರೆದರೆ ಕೇಳುವ ತಲೆಯೂ ಇರಲಿ ಎಂಬುದು ಅಲ್ಲಿನ ಬಡ ಬೇಟೆಗಾರರ ಆಸೆ. ಮುಧೋಳಕ್ಕೆ ಕಾಲು ಹುಟ್ಟಿನಿಂದಲೇ ಬಂದಿರುತ್ತದೆ. ಕೇಳುವ ತಲೆಯನ್ನು ಸಾಕಿದವನು ಕೂಡಿಸಬೇಕು.

ನಾಯಿಯನ್ನು ಬೇಟೆಗೆ ಪಳಗಿಸುವುದು ನಮ್ಮ ಸೀಮೆಗೆ ಹೊಸದೇನಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಕೆಲವರಾದರೂ ಕೇಳಿರಬಹುದು. ಕ್ರಿ.ಶ. 949-50ರ ಕಲ್ಲು ಅದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಯುದ್ಧದಲ್ಲಿ ಮಣಲೆರನೆಂಬ ವೀರ ಮೆಚ್ಚುಗೆ ಪಡೆದ. ಬೇಕಾದ್ದನ್ನು ಕೇಳು ಎಂದಾಗ ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆಮೇಲೆ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟ. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ನಾಯಿಗೆಂದು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹಂದಿಗಳು ಸೆಣಸುವ ಚಿತ್ರ ಅದರ ಮೇಲೆಯೇ ಕೆತ್ತಿದೆ. ಹೆಮ್ಮೆಯ ಕಲ್ಲು ನಿಜ. ಆದರೆ ಹಂದಿಯ ಮೇಲೆ ಬಿಟ್ಟ ನಾಯಿಯ ಗತಿ ಏನಾಗುತ್ತದೆಂಬುದನ್ನೂ ಅದು ಸಾವಿರ ವರ್ಷದಿಂದ ಹೇಳುತ್ತಿದೆ. ತೆಳುಚರ್ಮದ ಈ ನಾಯಿಗೆ ಹಂದಿಯ ಕೋರೆಯ ಒಂದು ತಿವಿತ ಸಾಕು.

ಇನ್ನು ಹೊಸತೊಡಕಿನ ಬೇಟೆ. ಉಗಾದಿಯ ಮಾರನೆಯ ದಿನ ಊರ ಗಂಡಸರು ಬಲೆ, ದೊಣ್ಣೆ, ನಾಯಿಗಳೊಡನೆ ಕುರುಚಲು ಕಾಡಿಗೆ ಹೋಗುತ್ತಿದ್ದುದನ್ನು ನಮ್ಮ ತಂದೆಯವರು ಕಣ್ಣರಳಿಸಿ ಹೇಳುತ್ತಿದ್ದರು. ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ‘ಬೇಟೆ’ ಎಂಬುದಕ್ಕೆ ಕೊಟ್ಟಿರುವ ಅರ್ಥ ಬಹಳ ಜನಕ್ಕೆ ಗೊತ್ತಿಲ್ಲ. ಕೊಂದರೆ ಮಾತ್ರ ಬೇಟೆ ಎಂದುಕೊಂಡಿದ್ದಾರೆ. ಹಾಗಲ್ಲ. ಹಿಡಿಯುವುದು, ಉರುಳು ಹಾಕುವುದು, ಅಟ್ಟುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು, ಇವುಗಳಿಗೆ ಪ್ರಯತ್ನ ಪಡುವುದು ಕೂಡ ಬೇಟೆಯೇ. ಮೂರು ವರ್ಷದವರೆಗೆ ಸೆರೆವಾಸ ಆಗಬಹುದಾದ ಅಪರಾಧ. ಹುಲಿ ಚಿರತೆಯಂಥ ಪ್ರಾಣಿಗಳ ವಿಷಯದಲ್ಲಿ ಇನ್ನೂ ಹೆಚ್ಚು. “ನಾನು ಹೊಡೆಯಲಿಲ್ಲ, ನಾಯಿ ಹಿಡಿಯಿತು” ಎಂಬ ಮಾತು ನಡೆಯುವುದಿಲ್ಲ. ಲರ್ಚರಿನ ತವರಾದ ಇಂಗ್ಲೆಂಡಿನಲ್ಲೂ 2004ರ ಕಾಯಿದೆಯಿಂದ ನಾಯಿ ಬಿಟ್ಟು ಕಾಡುಮೊಲ ಹಿಡಿಸುವ ಪಂದ್ಯ ನಿಂತುಹೋಯಿತು.

ಹಾಗಾದರೆ ಮುಧೋಳವನ್ನು ತಂದು ಮಾಡುವುದೇನು? ನನ್ನ ಕತೆಯನ್ನೇ ಹೇಳುತ್ತೇನೆ.

ನಮ್ಮದು ಲಕ್ಷ್ಮಣತೀರ್ಥದ ಕಟ್ಟೆಯ ನೀರು ಹರಿಯುವ ಬಯಲು. ನಾಲೆಯ ಕೆಳಗೆ ಅಡಿಕೆ, ತೆಂಗು, ನಡುವೆ ರೊಬಸ್ಟಾ ಗಿಡ. ನಾಲೆಯ ಮೇಲೆ ರಾಗಿ, ಮುಸುಕಿನ ಜೋಳ, ಹೊಗೆಸೊಪ್ಪು. ಮೇಲಿನ ಬದುಗಳ ಪೊದೆಯಲ್ಲಿ ಮೊಲ ಈಗಲೂ ಉಂಟು. ಮರಿ ಎರಡು ತಿಂಗಳಿನದಿದ್ದಾಗ ಮನೆಗೆ ಬಂತು. ಮಗ ಏನೋ ಇಂಗ್ಲಿಷ್ ಹೆಸರು ಹುಡುಕುತ್ತಿದ್ದ. ನಮ್ಮ ತಾಯಿ ಅದು ಅಂಗಳದಲ್ಲಿ ಕೋಳಿಯ ಹಿಂದೆ ಹೋದದ್ದನ್ನು ನೋಡಿ ‘ಬಾಣ’ ಎಂದರು. ಅದೇ ಆಯಿತು. ಎರಡಕ್ಷರದ ಹೆಸರು ಕೂಗಲು ಅನುಕೂಲ.

ಆರನೆಯ ತಿಂಗಳಿಗೆ ಅದರ ಓಟ ನೋಡಲು ದಾರಿಹೋಕರು ನಿಲ್ಲುತ್ತಿದ್ದರು. ಎಂಟನೆಯ ತಿಂಗಳಲ್ಲಿ ಒಂದು ಬೆಳಗ್ಗೆ ರಾಗಿ ಕೂಳೆಯಲ್ಲಿ ಮೊಲ ಎದ್ದಿತು. ನನ್ನ ಕೈಯಲ್ಲಿ ಹಗ್ಗವಿತ್ತು. ಬಿಟ್ಟೆ. ಬೇಕೆಂದೇ ಬಿಟ್ಟೆ ಎಂಬುದನ್ನು ಮುಚ್ಚಿಡುವುದಿಲ್ಲ. ನೋಡೋಣ ಎಂಬ ಚಪಲ. ಮೊಲ ಬದು ಸುತ್ತಿ ತಪ್ಪಿಸಿಕೊಂಡಿತು. ಬಾಣ ಏದುಸಿರು ಬಿಡುತ್ತ ಬಂತು. ನಾನು ಬೆನ್ನು ತಟ್ಟಿದೆ. ಆ ಒಂದು ತಟ್ಟಿನಿಂದ ಅದಕ್ಕೆ ಆದ ಪಾಠವನ್ನು ಅಳಿಸಲು ನನಗೆ ಒಂದು ವರ್ಷ ಹಿಡಿಯಿತು. ಅಲ್ಲಿಂದ ಮುಂದೆ ಹೆಸರು ಕೂಗಿದರೆ ಕಿವಿ ಅಲುಗುತ್ತಿತ್ತೇ ಹೊರತು ಕಾಲು ತಿರುಗುತ್ತಿರಲಿಲ್ಲ. ತಡವಾಗಿ ಬಂದಾಗ ಕೋಪಕ್ಕೆ ಎರಡೇಟು ಹಾಕಿದೆ. ಅದು ಎರಡನೆಯ ತಪ್ಪು. ಬಂದರೆ ಏಟು ಬೀಳುತ್ತದೆ ಎಂದು ನಾಯಿ ತಿಳಿಯಿತು.

ಹತ್ತನೆಯ ತಿಂಗಳಲ್ಲಿ, ಕಾಫಿ ಕೊಯ್ಲಿನ ನಡುವೆ, ಒಂದು ಸಂಜೆ ಮೊಲದ ಹಿಂದೆ ಹೋದದ್ದು ರಾತ್ರಿಯಾದರೂ ಬರಲಿಲ್ಲ. ಬ್ಯಾಟರಿ ಹಿಡಿದು ನಾಲೆಯುದ್ದಕ್ಕೂ ಕೂಗುತ್ತ ತಿರುಗಿದೆವು. ಚಿರತೆ ಓಡಾಡುವ ಸೀಮೆ; ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು. ಮಾರನೆಯ ದಿನ ಹೊತ್ತು ಏರಿದ ಮೇಲೆ ಹೊಲದಾಚೆಯ ಬೇಲಿಯ ಸಂದಿಯಲ್ಲಿ ಸಿಕ್ಕಿತು. ಹಂದಿಗೆಂದು ಯಾರೋ ಹಾಕಿದ ಉರುಳು, ಬೈಕಿನ ಕ್ಲಚ್ ತಂತಿಯದು. ಎದೆ ನುಸುಳಿ, ಸಣ್ಣ ನಡುವಿಗೆ ಬಿಗಿದಿತ್ತು. ಎಳೆದೆಳೆದು ಚರ್ಮ ಸುತ್ತಲೂ ಕೊಯ್ದುಹೋಗಿತ್ತು. ನಮ್ಮನ್ನು ಕಂಡು ಬೊಗಳಲಿಲ್ಲ, ಮುಲುಗಲಿಲ್ಲ. ಬಾಲವನ್ನು ಮಾತ್ರ ಒಂದು ಸಲ ನೆಲಕ್ಕೆ ಬಡಿಯಿತು. ನಾನು ಹಗ್ಗ ಬಿಟ್ಟ ಆ ಬೆಳಗ್ಗೆ ನೆನಪಾಯಿತು.

ಹೊಲಿಗೆ ಹಾಕಿದ ಪಶುವೈದ್ಯರು ಹೇಳಿದ ಮಾತೊಂದನ್ನು ಇಂಥ ನಾಯಿ ಸಾಕಿದ ಎಲ್ಲರೂ ನೆನಪಿಡಬೇಕು. ಮೈಯಲ್ಲಿ ಕೊಬ್ಬಿಲ್ಲದ ಈ ಓಟದ ತಳಿಗಳಿಗೆ ಕೆಲವು ಹಳೆಯ ಬಗೆಯ ಅರಿವಳಿಕೆ ಮದ್ದು ಬೇಗ ಇಳಿಯುವುದಿಲ್ಲ, ಅಪಾಯವೂ ಆಗಬಹುದು. ಆದ್ದರಿಂದ ಸಂತಾನಹರಣಕ್ಕಾಗಲಿ ಹೊಲಿಗೆಗಾಗಲಿ ಒಯ್ದಾಗ “ಇದು ಮುಧೋಳ” ಎಂದು ಮೊದಲೇ ಹೇಳಬೇಕು. ಬೆರಕೆಯಾದರೂ ಹೇಳಬೇಕು.

ಗಾಯ ಮಾಯಲು ಆರು ವಾರ ಹಿಡಿಯಿತು. ಆ ಆರು ವಾರದಲ್ಲಿ ನನಗೆ ಬುದ್ಧಿ ಹೇಳಿದವರು ನಮ್ಮ ತೋಟದ ಹಿರಿಯಾಳು. ವಯಸ್ಸಿನಲ್ಲಿ ನನ್ನ ತಂದೆಗೆ ಸಮ, ಚಿಕ್ಕಂದಿನಲ್ಲಿ ಹೊಸತೊಡಕಿನ ಬೇಟೆಗೆ ನಾಯಿ ಹಿಡಿದವರು.

“ತಾತ, ಇದಕ್ಕೆ ಓಡಬೇಡ ಅಂತ ಕಲಿಸೋದು ಹೆಂಗೆ?” ಎಂದೆ.

“ಓಡಬ್ಯಾಡ ಅಂತ ಕಲಿಸಕ್ಕಾಯ್ತದಾ ಕಣಪ್ಪ? ಮೀನಿಗೆ ಈಜಬ್ಯಾಡ ಅಂದಂಗಾಯ್ತು. ಬಾ ಅಂದ್ರೆ ಬರೋದು ಕಲ್ಸು. ನಾವು ಬ್ಯಾಟೆಗೂ ಮೊದ್ಲು ಕಲುಸ್ತಿದ್ದುದು ಅದನ್ನೇಯ. ಬರ್ದೇ ಇರೋ ನಾಯಿ ಮೊಲ ಹಿಡದ್ರೂ ಅದೇ ತಿಂದ್ಕಂತದೆ, ನಮ್ಗೇನು ಬಂತು?”

ಮತ್ತೆ ಮೊದಲಿನಿಂದ ಹಿಡಿದೆವು. ನಾನು ಕಂಡ ದಾರಿಯನ್ನು ಬರೆಯುತ್ತೇನೆ. ಮರಿಯಿಂದಲೇ ತೊಡಗಿದವರಿಗೆ ನನಗಿಂತ ಸುಲಭವಾದೀತು.

ಅನ್ನ ಹಾಕುವಾಗಲೆಲ್ಲ ಒಂದೇ ಬಗೆಯ ಶಿಳ್ಳೆ. ಶಿಳ್ಳೆ ಮೊದಲು, ತಟ್ಟೆ ಆಮೇಲೆ. ಹದಿನೈದು ದಿನ ಇಷ್ಟೇ. ಬಾಯಲ್ಲಿ ಕೂಗುವುದಕ್ಕಿಂತ ಶಿಳ್ಳೆ ಒಳ್ಳೆಯದು. ನಮ್ಮ ಕೂಗಿನಲ್ಲಿ ಕೋಪ, ಗಾಬರಿ ಎಲ್ಲ ಸೇರಿರುತ್ತವೆ, ಶಿಳ್ಳೆಯಲ್ಲಿ ಇರುವುದಿಲ್ಲ. ಆಮೇಲೆ ನಲವತ್ತು ಐವತ್ತು ಅಡಿ ನೂಲಿನ ಹಗ್ಗ. ಇದನ್ನು ಕೊರಳಿಗೆ ಕಟ್ಟುವಾಗ ಒಂದು ಎಚ್ಚರ: ಈ ನಾಯಿಗಳ ಕೊರಳು ತಲೆಗಿಂತ ದಪ್ಪ, ಸಾಮಾನ್ಯ ಪಟ್ಟಿ ಕಿವಿಯ ಮೇಲೆ ಜಾರಿ ಕಳಚಿಕೊಳ್ಳುತ್ತದೆ. ಎರಡು ಮೂರು ಅಂಗುಲ ಅಗಲದ ಚರ್ಮದ ಪಟ್ಟಿ ಬೇಕು. ಹಗ್ಗ ನೆಲದ ಮೇಲೆ ಎಳೆಯುತ್ತ ಇರಲಿ, ತುದಿ ನಮ್ಮ ಕಾಲಡಿಯಲ್ಲಿರಲಿ. ಶಿಳ್ಳೆ ಹಾಕಬೇಕು; ಬಂದರೆ ಮಾಂಸದ ಚೂರು, ಬಾರದಿದ್ದರೆ ಜಗ್ಗದೆ ಮೆಲ್ಲಗೆ ಹಗ್ಗ ಸುತ್ತಿಕೊಳ್ಳುತ್ತ ಬರಮಾಡಿಕೊಂಡು, ಆಗಲೂ ಚೂರು ಕೊಡಬೇಕು. ಬಂದದ್ದಕ್ಕೆ ಎಂದೂ ಏಟಿಲ್ಲ. ಎಷ್ಟು ಹೊತ್ತಿಗೆ ಬರಲಿ, ಏನು ಹಾಳು ಮಾಡಿ ಬರಲಿ, ಬಂದ ನಾಯಿಗೆ ತಟ್ಟೆಯೇ ಹೊರತು ದೊಣ್ಣೆಯಲ್ಲ. ಇದು ಬರೆಯಲು ಸುಲಭ. ನೆರೆಮನೆಯ ಹುಂಜ ಬಾಯಲ್ಲಿ ಹಿಡಿದು ಬಂದ ದಿನ ಪಾಲಿಸಿ ನೋಡಿ.

ಕುರಿ, ಕೋಳಿ, ಕರುಗಳ ಬಳಿ ಹಗ್ಗದಲ್ಲಿಯೇ ದಿನಾ ಕೂರಿಸಬೇಕು. ಮೂರು ನಾಲ್ಕು ತಿಂಗಳ ಮರಿ ಒಂದೇ ವಾರಕ್ಕೆ ಬೇಸತ್ತು ನಿದ್ದೆಹೋಗುತ್ತದೆ. ವರ್ಷ ತುಂಬಿದ ಬಾಣನಿಗೆ ಎರಡು ತಿಂಗಳು ಬೇಕಾಯಿತು.

ಓಟದ ಹಸಿವನ್ನು ತೀರಿಸಲು ಹಿರಿಯಾಳು ಹಳೆಯ ಉಪಾಯ ಹೂಡಿದರು. ಕೆಟ್ಟ ಸೈಕಲ್ಲಿನ ಹಿಂದಿನ ಚಕ್ರವನ್ನು ಗೂಟಕ್ಕೆ ಬಿಗಿದು, ಪೆಡಲಿಗೆ ಹಿಡಿ ಹಾಕಿ, ಉದ್ದ ದಾರದ ತುದಿಗೆ ಬಿಳಿಯ ಗೊಬ್ಬರದ ಚೀಲದ ತುಂಡು ಕಟ್ಟಿದರು. ಚಕ್ರ ತಿರುಗಿಸಿದರೆ ತುಂಡು ಕಣದುದ್ದಕ್ಕೂ ಮೊಲದಂತೆ ಹಾರುತ್ತ ಬರುತ್ತದೆ. ಬಾಣ ಅದರ ಹಿಂದೆ ಜೀವ ಬಿಟ್ಟು ಓಡುತ್ತದೆ; ಹಿಡಿದು ಒದರಿ ಹಾಕಿ ಗೆದ್ದವನಂತೆ ನಿಲ್ಲುತ್ತದೆ. ಆಗ ಶಿಳ್ಳೆ. ಅಮೆರಿಕದಲ್ಲಿ ಇದೇ ಬಗೆಯ ಆಟಕ್ಕೆ ಒಂದು ಸಂಘವೇ ಹುಟ್ಟಿಕೊಂಡಿತಂತೆ, ಅದೂ ನಮ್ಮ ವನ್ಯಜೀವಿ ಕಾಯಿದೆ ಬಂದ 1972ರಲ್ಲೇ. ಅಲ್ಲಿ ಮೋಟಾರು, ಇಲ್ಲಿ ಸೈಕಲ್ಲು. ಬೆಳಗಿನ ತಂಪಿನಲ್ಲಿ ಮೂರು ಓಟ ಸಾಕು. ಬಿಸಿಲಲ್ಲಿ ಓಡಿಸಿದರೆ ಮೈ ಕಾದು ಕುಸಿಯುತ್ತದೆ. ಉಂಡ ಕೂಡಲೆ ಓಡಿಸಬಾರದು. ಎದೆಯಾಳದ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ವರ್ಷ ತುಂಬುವವರೆಗೆ ಇಂಥ ಓಟವೇ ಬೇಡ, ಎಲುಬು ಬಲಿತಿರುವುದಿಲ್ಲ.

ತೋಟದೊಳಗಿನ ಅಪಾಯಗಳು

ಊಟದ ವಿಷಯ ದೊಡ್ಡದಲ್ಲ. ಮುಧೋಳದ ಕಡೆ ಜೋಳ, ಗೋವಿನಜೋಳ, ಹಾಲು ಹಾಕುತ್ತಾರೆ. ನಮ್ಮಲ್ಲಿ ರಾಗಿ ಮುದ್ದೆಗೆ ಮಜ್ಜಿಗೆ, ಮೊಟ್ಟೆ, ಆಗಾಗ ಮಾಂಸ. ಬರಿಯ ಅನ್ನ ಸಾರಿನಲ್ಲಿ ಬೆಳೆದ ಮರಿಯ ಕಾಲು ಬಾಗುತ್ತದೆ. ಮಳೆಗಾಲದಲ್ಲಿ ಒಣ ಗೋಣಿಯ ಹಾಸಿಗೆ ಬೇಕು. ಕೊಬ್ಬಿಲ್ಲದ, ಸಣ್ಣ ಕೂದಲಿನ ಮೈ ಥಂಡಿ ತಡೆಯದು.

ಅದಕ್ಕಿಂತ ಮುಖ್ಯ ನಾವೇ ಹಚ್ಚಿಟ್ಟ ವಿಷಗಳು. ಬೋರ್ಡೋ ದ್ರಾವಣದ ಪೀಪಾಯಿಯ ತಳದಲ್ಲಿ ಉಳಿದದ್ದನ್ನು ನಾಯಿ ನೆಕ್ಕುತ್ತದೆ. ಇಲಿ ಪಾಷಾಣ ತಿಂದು ಸತ್ತ ಇಲಿಯನ್ನು ತಿನ್ನುತ್ತದೆ. ಕಾಫಿ ಹಣ್ಣಿನ ಸಿಹಿಗೆ ಮರುಳಾಗಿ ಬೀಜಸಹಿತ ಅಗಿಯುವ ಮರಿಗಳುಂಟು. ಅದರೊಳಗಿನ ಕೆಫೀನು ನಾಯಿಯ ಎದೆಬಡಿತ ಕೆಡಿಸುತ್ತದೆ.

ಅಡಿಕೆಯ ಕತೆ ಇನ್ನೂ ಸ್ವಾರಸ್ಯ. ನಮ್ಮ ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಸತ್ವವನ್ನು ಹಿಂದೆ ನಾಯಿಗಳ ಲಾಡಿಹುಳಕ್ಕೆ ಔಷಧವಾಗಿ ಪ್ರಪಂಚದ ಹಲವೆಡೆ ಕೊಡುತ್ತಿದ್ದರು. ಕುರಿ ಸಾಕುವ ನ್ಯೂಜಿಲೆಂಡಿನಲ್ಲಿ, ನಾಯಿಯಿಂದ ಕುರಿಗೂ ಮನುಷ್ಯರಿಗೂ ಹರಡುವ ಹುಳುವಿನ ರೋಗವನ್ನು ಅಡಗಿಸಲು ಊರೂರಿನ ನಾಯಿಗಳಿಗೆ ಅರೆಕೊಲಿನ್ ಕುಡಿಸಿ ಭೇದಿ ಮಾಡಿಸಿ ಪರೀಕ್ಷಿಸಿದರು. ಅದಕ್ಕಿಂತ ಒಳ್ಳೆಯ ಮದ್ದು ಬಂದ ಮೇಲೆ ಅದು ಹಿಂದೆ ಸರಿಯಿತು. ಇದನ್ನು ಓದಿ ಯಾರೂ ಮನೆಯ ಗೋಟಡಿಕೆ ಅರೆದು ನಾಯಿಗೆ ಹಾಕಬಾರದು. ಮದ್ದಿಗೂ ವಿಷಕ್ಕೂ ಅಂತರ ಬಹಳ ಕಿರಿದು. ಪಶು ಆಸ್ಪತ್ರೆಯ ಜಂತುಹುಳದ ಮಾತ್ರೆ ಅಗ್ಗವಾಗಿಯೇ ಸಿಗುತ್ತದೆ.

ಲಸಿಕೆ ತಪ್ಪಿಸಬಾರದು. ಹುಚ್ಚುನಾಯಿ ರೋಗದ ಚುಚ್ಚುಮದ್ದು ಮೂರನೆಯ ತಿಂಗಳಿಗೆ ಮೊದಲನೆಯದು, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ. ಡಿಸ್ಟೆಂಪರ್ ಲಸಿಕೆಯನ್ನು ನಮ್ಮವರು ಬಿಟ್ಟುಬಿಡುವುದು ಹೆಚ್ಚು. ಅದು ಮರಿಯನ್ನು ಕೊಲ್ಲುವುದಲ್ಲದೆ ಕಾಡಿಗೂ ದಾಟುತ್ತದೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಮೂರರಲ್ಲೊಂದು ಪಾಲು ಸಿಂಹಗಳನ್ನು ಮುಗಿಸಿದ್ದು ಇದೇ ರೋಗ. 2018ರಲ್ಲಿ ಗುಜರಾತಿನ ಗಿರ್ ಸಿಂಹಗಳಲ್ಲೂ ಕಾಣಿಸಿತು. ನಮ್ಮ ಹುಣಸೂರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣದ ಪಡುವಲಿಗೆ ನಾಗರಹೊಳೆಯ ಕಾಡು. ಅಲ್ಲಿ ಸೀಳುನಾಯಿ ಹಿಂಡುಗಳಿವೆ. ಕಾಡಂಚಿನ ಹೊಲದಲ್ಲಿ ಲಸಿಕೆಯಿಲ್ಲದ ನಾಯಿ ಅಲೆದರೆ ಆಗುವ ಹಾನಿ ನಮ್ಮ ಅಂಗಳಕ್ಕೆ ಮಾತ್ರ ಸೀಮಿತವಲ್ಲ.

ರಾತ್ರಿ ನಾಯಿಯನ್ನು ಹೊರಗೆ ಸರಪಳಿಯಲ್ಲಿ ಕಟ್ಟುವ ಅಭ್ಯಾಸವನ್ನು ಬಿಡಬೇಕೆಂದು ಕೈಮುಗಿದು ಕೇಳುತ್ತೇನೆ. ಕಟ್ಟಿದ ನಾಯಿ ಎಂದರೆ ಚಿರತೆಗೆ ಬಡಿಸಿದ ಎಲೆ. ಕಣದ ಮೂಲೆಯಲ್ಲಿ ಗಟ್ಟಿ ಜಾಲರಿಯ, ಮೇಲೂ ಮುಚ್ಚಿದ ಗೂಡಿರಲಿ. ಒಳಗಿನಿಂದ ಬೊಗಳಿದರೂ ಕಾವಲು ಕಾವಲೇ.

ಕಾವಲಿನ ಮಾತು ಬಂದದ್ದರಿಂದ ನೇರವಾಗಿ ಹೇಳುತ್ತೇನೆ: ಕಣ ಕಾಯಲು ಮಾತ್ರ ಬೇಕಾದವರಿಗೆ ಮುಧೋಳ ಅನಗತ್ಯ. ನಮ್ಮ ಊರುನಾಯಿ ಹೆಚ್ಚು ಬೊಗಳುತ್ತದೆ, ಹಾಕಿದ್ದು ತಿನ್ನುತ್ತದೆ, ಮನೆ ಬಿಟ್ಟು ದೂರ ಹೋಗುವುದಿಲ್ಲ. ದಿನಕ್ಕೆ ಎರಡು ಗಂಟೆ ಹೊತ್ತು ಕೊಡಬಲ್ಲವರು, ಮೊದಲ ವರ್ಷವೆಲ್ಲ ಹಗ್ಗ ಹಿಡಿಯುವ ತಾಳ್ಮೆಯುಳ್ಳವರು ಮಾತ್ರ ಓಟದ ನಾಯಿ ತರಬೇಕು. ಹಂದಿ ಓಡಿಸಲಿಕ್ಕೆಂದಂತೂ ತರಲೇಬಾರದು. ಅದಕ್ಕೆ ಬೇಲಿಯಿದೆ, ಬೆಳೆ ಹೋದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿಯಿದೆ.

ಕಳೆದ ಕೊಯ್ಲಿನಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಸಂಜೆ ಚೆರ್ರಿ ಗುಡ್ಡೆ ಹಾಕಿ ಟಾರ್ಪಾಲು ಹೊದಿಸುತ್ತಿದ್ದೆವು. ನಾಲೆಯ ಏರಿಯ ಮೇಲೆ ಮೊಲವೊಂದು ಕಿವಿ ನಿಮಿರಿಸಿ ಕೂತಿತ್ತು. ನಾನು ನೋಡುವಷ್ಟರಲ್ಲಿ ಬಾಣ ಅರ್ಧ ದಾರಿ ಹೋಗಿಯಾಗಿತ್ತು. ಶಿಳ್ಳೆ ಹಾಕಿದೆ. ಏರಿಯ ಬುಡದಲ್ಲಿ ನಿಂತಿತು. ಮೊಲವನ್ನು ನೋಡಿತು, ನನ್ನನ್ನು ನೋಡಿತು, ಮತ್ತೆ ಮೊಲವನ್ನು ನೋಡಿತು. ಹಿರಿಯಾಳು ಟಾರ್ಪಾಲಿನ ತುದಿ ಹಿಡಿದವರು ಹಿಡಿದಂತೆಯೇ ನಿಂತಿದ್ದರು. ಬಾಣ ತಿರುಗಿ ಬಂತು, ಓಡಿಕೊಂಡೇನಲ್ಲ, ತಲೆ ತಗ್ಗಿಸಿ ನಡೆದುಕೊಂಡು. ಜೇಬಿನಲ್ಲಿ ಮಾಂಸದ ಚೂರಿರಲಿಲ್ಲ. ಹಿರಿಯಾಳು ತಮ್ಮ ಬುತ್ತಿಯ ಉಳಿದ ಮುದ್ದೆಯನ್ನು ಪೂರ್ತಿ ಅದರ ಮುಂದಿಟ್ಟರು.

ಅದರ ಮರುವಾರ ಇನ್ನೊಂದು ಮೊಲಕ್ಕೆ ಶಿಳ್ಳೆ ಕೇಳಿಸದವನಂತೆ ಹೋಗಿ, ಕಾಲು ಗಂಟೆ ಬಿಟ್ಟು ಬಂತು. ನೂಲಿನ ಹಗ್ಗ ಇನ್ನೂ ಬಾಗಿಲ ಮೊಳೆಯಲ್ಲೇ ಇದೆ.